ಕರೆಂಟ್ ಬಂದ ಮೇಲೆ ಹತ್ತು ನಿಮಿಷ

ಮಸಿನಗುಡಿ
ಜುಲೈ 2, 2023

ಮಗಳು ವೀಣಾಳಿಗೆ,

ನೀನು ವಿಮಾನ ಹತ್ತಿದ ದಿನವೇ ಬೈದು ಬರೆಯಬಾರದೆಂದು ಎರಡು ದಿನ ತಡೆದುಕೊಂಡೆ. ಇನ್ನು ಆಗುವುದಿಲ್ಲ. ನೀನು ಗೋಣಿಚೀಲ ಹೊದಿಸಿ ಮಂಚದ ಕೆಳಗೆ ಬಚ್ಚಿಟ್ಟು ಹೋದ, ವೋಲ್ಟೇಜು ಏರಿಸಲು ನಾನು ಕೊಟ್ಟಿದ್ದ ಬೂಸ್ಟರ್ ಡಬ್ಬ ನಿನ್ನ ಚಿಕ್ಕಮ್ಮನ ಪೊರಕೆಗೆ ಸಿಕ್ಕಿತು. "ನೋಡಿ, ನಿಮ್ ಮಗಳು ನಿಮ್ಮನ್ನ ಎಷ್ಟು ನಂಬವ್ಳೆ ಅಂತ" ಎಂದು ಲಿಂಗಮ್ಮ ನಕ್ಕಿದ್ದೇ ನಕ್ಕಿದ್ದು.

ಸಂಜೆ ರೆಸಾರ್ಟಿನವರೆಲ್ಲ ಹೀಟರ್ ಹಾಕಿದರೆ ನಮ್ಮೂರಿನ ವೋಲ್ಟೇಜು ನೂರ ಅರವತ್ತಕ್ಕೆ ಇಳಿಯುತ್ತದೆ. ಬೂಸ್ಟರ್ ಇಲ್ಲದ ಮನೆ ಮಸಿನಗುಡಿಯಲ್ಲಿ ನಾನು ನೋಡಿಲ್ಲ. ದಕ್ಷಿಣ ಆಫ್ರಿಕದ ಕಾಡಂಚಿನ ಶಿಬಿರದಲ್ಲಿ ಮಾತ್ರ ಕರೆಂಟು ಗಂಗಾಮಾತೆಯ ಹಾಗೆ ಸಮನಾಗಿ ಹರಿಯುತ್ತದೆ ಎಂದು ನಿನಗೆ ಯಾರು ಹೇಳಿದರು?

ಹನ್ನೆರಡನೇ ತಾರೀಖು ನಿನ್ನ ಭಾಷಣ. ಮೋಯಾರ್ ಹೊಳೆ ದಂಡೆಯ ರಣಹದ್ದಿನ ಗೂಡುಗಳನ್ನು ಹನ್ನೊಂದು ವರ್ಷ ಎಣಿಸಿದ್ದೆಲ್ಲ, ಫೋಟೋ ಸಮೇತ, ನಿನ್ನ ಲ್ಯಾಪ್‌ಟಾಪಿನೊಳಗಿದೆ. ಅಲ್ಲಿಯವರು ನಿಮ್ಮ ಎಣಿಕೆ ಒಪ್ಪಿದರೆ ನಿಮ್ಮ ಒಂಬತ್ತು ಜನರ ಕೆಲಸ ಉಳಿಯುತ್ತದೆ, ಒಪ್ಪದಿದ್ದರೆ ಸೆಪ್ಟೆಂಬರಿಗೆ ನಿಲ್ಲುತ್ತದೆ ಎಂದು ನೀನೇ ಹೇಳಿದ್ದೆ. ಆ ಒಂಬತ್ತರಲ್ಲಿ ಒಬ್ಬನಾದ ಹಾಲನ್ ದಿನಾ ಹೊಳೆಯಿಂದ ಬರುವಾಗ ನಮ್ಮ ಬಾಗಿಲಲ್ಲಿ ನಿಂತು "ಅಕ್ಕನ ಸುದ್ದಿ ಬಂತಾ?" ಎಂದು ಕೇಳುತ್ತಾನೆ. ಆ ಪೆಟ್ಟಿಗೆ ಸುಟ್ಟುಹೋದರೆ ಅವನಿಗೆ ನಾನು ಏನು ಹೇಳಲಿ?

ಫೋನಿನಲ್ಲಿ ಬೈಯೋಣವೆಂದರೆ ನನ್ನ ಕಿವಿ ನಿನಗೆ ಗೊತ್ತೇ ಇದೆ. ನಡುವಟ್ಟಂ ಟೀ ಫ್ಯಾಕ್ಟರಿಯ ರೋಲರ್ ಯಂತ್ರಗಳ ಪಕ್ಕ ಮೂವತ್ತೆಂಟು ವರ್ಷ ವೈರ್‌ಮನ್ ಆಗಿ ನಿಂತು ಗಳಿಸಿದ್ದು ಅದೊಂದೇ. ಅದಕ್ಕೇ ಕಾಗದ. ಜೆರಾಕ್ಸ್ ಅಂಗಡಿಯ ತೇನ್ಮೊಳಿ ಇದರ ಫೋಟೋ ತೆಗೆದು ನಿನಗೆ ಮೇಲ್ ಮಾಡುತ್ತಾಳೆ, ನಿನ್ನದನ್ನು ಪ್ರಿಂಟ್ ತೆಗೆದು ನನಗೆ ಕೊಡುತ್ತಾಳೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಹಾಗಾಗಿ ಧಾರಾಳವಾಗಿ ತಪ್ಪು ಒಪ್ಪಿಕೊಳ್ಳಬಹುದು.

ನಿನ್ನ ಚಿಕ್ಕಪ್ಪ
ನಂಜುಂಡೇಶ

*

ಶಿಬಿರ, ದಕ್ಷಿಣ ಆಫ್ರಿಕ
ಜುಲೈ 4, 2023

ಚಿಕ್ಕಪ್ಪನಿಗೆ ನಮಸ್ಕಾರ.

ಬಚ್ಚಿಟ್ಟಿದ್ದು ನಿಜ. ನಿಮ್ಮ ಬೂಸ್ಟರ್ ಏಳು ಕಿಲೋ ಇದೆ, ನನ್ನ ಬಟ್ಟೆಬರೆ ಎಲ್ಲ ಸೇರಿ ಅಷ್ಟು ತೂಗುವುದಿಲ್ಲ. ಅದೂ ಅಲ್ಲದೆ ಲ್ಯಾಪ್‌ಟಾಪ್ ಚಾರ್ಜರಿನ ಕಪ್ಪು ಇಟ್ಟಿಗೆಯ ಹೊಟ್ಟೆಯ ಮೇಲೆ ಇರುವೆ ಅಕ್ಷರದಲ್ಲಿ 100-240 ವೋಲ್ಟ್ ಎಂದು ಬರೆದಿದೆ. ನೂರಿದ್ದರೂ ಅದು ಕುಡಿಯುತ್ತದೆ, ಇನ್ನೂರ ನಲವತ್ತಿದ್ದರೂ ಕುಡಿಯುತ್ತದೆ. ಇಲ್ಲಿರುವುದು ನಮ್ಮ ಹಾಗೆಯೇ ಇನ್ನೂರ ಮೂವತ್ತು. ಇದು ನಿಮ್ಮ ಕಾಲದ ಮೋಟರ್ ಅಲ್ಲ ಚಿಕ್ಕಪ್ಪ, ಎಲ್ಲದಕ್ಕೂ ಬೂಸ್ಟರ್ ಬೇಡ.

ಆದರೆ ಬೇರೆ ಒಂದು ತೊಂದರೆ ಇದೆ. ಊಟಿಯ ಕಮರ್ಷಿಯಲ್ ರೋಡಿನಲ್ಲಿ ಕೊಂಡ 'ಎಲ್ಲ ದೇಶದ ಅಡಾಪ್ಟರ್' ಈ ದೇಶವನ್ನು ಬಿಟ್ಟು ಮಿಕ್ಕ ಎಲ್ಲ ದೇಶಕ್ಕೂ ಆಗುತ್ತದಂತೆ. ಇಲ್ಲಿ ಗೋಡೆಯಲ್ಲಿ ಮೂರು ದಪ್ಪ ದುಂಡು ತೂತುಗಳಿವೆ. ಕೆಳಗೆ ಚಿತ್ರ ಬರೆದಿದ್ದೇನೆ. ಮಲಗುವ ಕೋಣೆಗಳಲ್ಲಿ ಪ್ಲಗ್ಗೇ ಇಲ್ಲ. ಇಪ್ಪತ್ತೆರಡು ಜನರೂ ಊಟದ ಹಾಲಿನ ಬೋರ್ಡುಗಳಿಗೆ ಜೋತುಬಿದ್ದಿದ್ದೇವೆ. ಪೇಟೆ ನೂರಾರು ಕಿಲೋಮೀಟರ್ ದೂರ, ಗಾಡಿ ಹೋಗುವುದು ಹದಿಮೂರಕ್ಕೆ. ನನ್ನ ಭಾಷಣ ಮುಗಿದ ಮಾರನೆಯ ದಿನ!

ಬ್ಯಾಟರಿ ಅರವತ್ತೊಂದು ಪರ್ಸೆಂಟ್ ಇದೆ. ಯಾರನ್ನಾದರೂ ಕೇಳಬೇಕು. ಎಲ್ಲರೂ ಓದಿದವರು, ಪಟಪಟ ಇಂಗ್ಲಿಷ್ ಆಡುತ್ತಾರೆ, ಬಾಯಿ ತೆರೆಯಲು ನಾಚಿಕೆ. ನಾಳೆ ಕೇಳುತ್ತೇನೆ.

ಇಲ್ಲಿಯ ಹದ್ದುಗಳು ಬಂಡೆಯಲ್ಲಿ ಗೂಡು ಕಟ್ಟುತ್ತವೆ. ನಮ್ಮವುಗಳ ಹಾಗೆ ಹೊಳೆಮತ್ತಿ ಮರದ ತಲೆಯ ಮೇಲಲ್ಲ. ರಂಗಿಗೆ ಹೇಳಿ, ನಂಬುವುದಿಲ್ಲ ಅವಳು. ಒಂಬತ್ತು ಜನರಲ್ಲಿ ಮರ ಹತ್ತಿ ಗೂಡು ನೋಡುವವಳು ಅವಳೊಬ್ಬಳೇ ತಾನೆ.

ವೀಣಾ

*

ಮಸಿನಗುಡಿ
ಜುಲೈ 5, 2023

ವೀಣಾ,

ನಿನ್ನ ಚಿತ್ರ ನೋಡಿ ಜೆರಾಕ್ಸ್ ಅಂಗಡಿಯಲ್ಲೇ ಗಟ್ಟಿಯಾಗಿ ನಕ್ಕುಬಿಟ್ಟೆ. ತೇನ್ಮೊಳಿ ಹೆದರಿದಳು. ಆ ಮೂರು ದಪ್ಪ ತೂತು ನಮ್ಮ ಪವರ್ ಪ್ಲಗ್ಗೇ ಕಣಮ್ಮ! ಗೀಸರಿಗೆ, ಹೀಟರಿಗೆ ಹಾಕುವ ಹದಿನೈದು ಆಂಪಿಯರಿನದು. ಊಟಿಯ ಚಳಿಯಲ್ಲಿ ಬದುಕಿದವರಿಗೆ ಅದರ ಗುರುತು ಸಿಗದಿರುತ್ತದೆಯೇ? ನಮ್ಮ ಬಚ್ಚಲಿನ ಪವರ್ ಬಾಕ್ಸಿಗೆ ನೀನು ಎಷ್ಟು ಸಲ ಫೋನ್ ಚಾರ್ಜಿಗೆ ಹಾಕಿಲ್ಲ? ದಪ್ಪ ಪಿನ್ನೂ ಹೋಗುತ್ತದೆ, ಸಣ್ಣದೂ ಹೋಗುತ್ತದೆ. ಏನೂ ಕೊಳ್ಳಬೇಡ, ಯಾರನ್ನೂ ಕೇಳಬೇಡ. ನಿನ್ನ ಸಣ್ಣ ಪಿನ್ನನ್ನೇ ಸ್ವಲ್ಪ ಒತ್ತಿ ಹಾಕು, ಹೋಗುತ್ತದೆ.

ಓದಿದ ಇಪ್ಪತ್ತೊಂದು ಜನರಿಗೆ ಗೊತ್ತಾಗದ್ದು ಆರು ಸಾವಿರ ಕಿಲೋಮೀಟರ್ ಆಚೆ ಕೂತ ವೈರ್‌ಮನ್‌ಗೆ ಗೊತ್ತಾಯಿತು ನೋಡು!

ನಂಜುಂಡೇಶ

*

ಶಿಬಿರ
ಜುಲೈ 6, 2023

ಚಿಕ್ಕಪ್ಪನಿಗೆ,

ಪ್ಲಗ್ಗಿನ ಕೆಲಸ ಆಯಿತು. ಬ್ಯಾಟರಿ ಎಂಬತ್ತಕ್ಕೆ ಏರಿದೆ. ಯೋಚನೆ ಬೇಡ.

ಇಲ್ಲಿ ದಿನಕ್ಕೆ ಎರಡು ಸಲ ಪಾಳಿ ಪ್ರಕಾರ ಕರೆಂಟ್ ತೆಗೆಯುತ್ತಾರೆ, ಇಡೀ ದೇಶಕ್ಕೇ ಹಾಗಂತೆ. ಗೋಡೆಗೆ ವೇಳಾಪಟ್ಟಿ ಅಂಟಿಸಿದ್ದಾರೆ. ಅಡುಗೆಯಮ್ಮ ಬಹಳ ಒಳ್ಳೆಯವರು, ಬೆರಳಿಗೆ ಜೇನುತುಪ್ಪ ಹಚ್ಚಿದರು. ಚಿಕ್ಕಮ್ಮನಿಗೆ ಹೇಳಿ, ಇಲ್ಲೂ ಮುದ್ದೆಯ ಹಾಗೇ ಒಂದು ಮಾಡುತ್ತಾರೆ, ಬಿಳಿ ಜೋಳದ್ದು.

ವೀಣಾ

*

ಊಟಿ
ಜುಲೈ 9, 2023

ವೀಣಾ,

ಮೂರು ದಿನ ಬರೆಯಲಾಗಲಿಲ್ಲ. ಇಲ್ಲಿ ಎಲ್ಲ ನೆಟ್ಟಗಿದೆ.

ನಿನ್ನ ಕಾಗದವನ್ನು ಮೊದಲ ಸಲ ಓದಿದಾಗ ಎದೆ ಉಬ್ಬಿಸಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ಹೋಗಿ ನಾಲ್ಕು ಜನಕ್ಕೆ ಹೇಳಿ ಬಂದೆ. ಎರಡನೇ ಸಲ ಓದಿದವಳು ಲಿಂಗಮ್ಮ. ಅವಳು ಕೇಳಿದ್ದು ಒಂದೇ ಮಾತು: "ಬೆರಳಿಗ್ಯಾಕಂತೆ ಜೇನು?"

ಎದ್ದು ಹೋಗಿ ಬಚ್ಚಲಿನ ಬಾಕ್ಸನ್ನು ಕನ್ನಡಕ ಹಾಕಿಕೊಂಡು ನೋಡಿದೆ. ನಾನೇ ಹತ್ತು ವರ್ಷದ ಹಿಂದೆ ಹಾಕಿದ್ದು. ಅದರಲ್ಲಿ ಆರು ತೂತು ಇವೆ ಮಗಳೇ. ದಪ್ಪ ತೂತುಗಳ ಪಕ್ಕದಲ್ಲೇ ಸಣ್ಣವು ಬೇರೆ ಇವೆ. ಸಣ್ಣ ಪಿನ್ನು ಹೋಗುವುದು ಸಣ್ಣದಕ್ಕೆ. ನೀನು ಬರೆದು ಕಳಿಸಿದ್ದು ಬರೀ ಮೂರು ತೂತಿನದು. ಅದಕ್ಕೆ ನಮ್ಮ ಸಣ್ಣ ಪಿನ್ನು ಎಷ್ಟು ಒತ್ತಿದರೂ ಹೋಗುವುದಿಲ್ಲ, ಅಳತೆಯೇ ಬೇರೆ. ನಾನು ಹೇಳಿದ್ದು ತಪ್ಪು. ಮೂವತ್ತೆಂಟು ವರ್ಷ ಕೆಲಸ ಮಾಡಿದವನು ಸರಿಯಾಗಿ ನೋಡದೆ ಬಾಯಿಬಿಟ್ಟೆ. "ಮಗಾ ಅಷ್ಟ್ ದೂರ ಹೋಗವ್ಳೆ, ನೀವು ಇಲ್ಲಿ ಕೂತ್ಕಂಡು ಅದೇ ಪ್ಲಗ್ಗು ಅಂತ ಹೇಳ್ಬುಟ್ರಾ?" ಎಂದು ಅವಳು ಬೈದಳು.

ಹಾಗಾದರೆ ಎಂಬತ್ತಕ್ಕೆ ಹೇಗೆ ಏರಿತು? ನಿನ್ನನ್ನು ಎತ್ತಿ ಆಡಿಸಿದವನು ನಾನು. ಪಿನ್ನು ಕತ್ತರಿಸಿ, ವೈರು ಸುಲಿದು, ಮೈಕ್‌ಸೆಟ್ಟಿನವರು ಮದುವೆಮನೆಯಲ್ಲಿ ಮಾಡುವ ಹಾಗೆ ಬೆಂಕಿಕಡ್ಡಿ ಚುಚ್ಚಿ ಸಿಕ್ಕಿಸಿದೆ, ಅಲ್ಲವೇ? ಇಲ್ಲ ಎನ್ನಬೇಡ. ಅರ್ಥಿಂಗ್ ಇಲ್ಲ, ಹಿಡಿತ ಇಲ್ಲ, ಬರಿ ತಂತಿ. ಸಡಿಲವಾದ ತಂತಿ ಕಿಡಿ ಕಾರುತ್ತದೆ, ಕಿಡಿ ಮರದ ಮನೆಯನ್ನೇ ತಿನ್ನುತ್ತದೆ. ಮತ್ತೆ ಅದನ್ನು ಮುಟ್ಟಿದರೆ ನನ್ನಾಣೆ.

ಈಗ ಕೇಳು, ಈ ಸಲ ನೋಡಿಯೇ ಹೇಳುತ್ತಿದ್ದೇನೆ. ಊಟಿಯಲ್ಲಿ ಲ್ಯಾಪ್‌ಟಾಪ್ ರಿಪೇರಿಯವನ ಹತ್ತಿರ ಅರ್ಧ ಗಂಟೆ ಕೂತು, ನಿನ್ನದೇ ಕಂಪನಿಯ ಚಾರ್ಜರನ್ನು ಕೈಯಲ್ಲಿ ಹಿಡಿದು ನೋಡಿದೆ. ಕಪ್ಪು ಇಟ್ಟಿಗೆಗೂ ಗೋಡೆಗೂ ನಡುವಿನ ವೈರು ಬೇರೆ, ಅದು ಕಳಚಿ ಬರುತ್ತದೆ. ಇಟ್ಟಿಗೆಗೆ ಕಚ್ಚುವ ಕಡೆ ಮೂರು ತೂತಿನ ಮೂತಿ ಇರುತ್ತದೆ. ಆ ಮೂತಿ ಎಲ್ಲ ದೇಶದಲ್ಲೂ ಒಂದೇ, ಬೇರೆಯಾಗುವುದು ಗೋಡೆಯ ಕಡೆಯ ಬಾಲ ಮಾತ್ರ. ನಿನಗೆ ಅಡಾಪ್ಟರೇ ಬೇಡ, ಆ ಊರಿನ ಬಾಲ ಸಾಕು. ಆಫೀಸು ಅಂತ ಇದ್ದ ಕಡೆ ಕೆಟ್ಟ ಲ್ಯಾಪ್‌ಟಾಪಿನ ವೈರು ಒಂದಾದರೂ ಬಿದ್ದಿರುತ್ತದೆ. ನಾಚಿಕೆ ಬಿಟ್ಟು ಕೇಳು.

ಪಾಳಿಯ ಕರೆಂಟು ಅಂದೆಯಲ್ಲ, ಅದು ಇನ್ನೂ ದೊಡ್ಡ ಭಯ. ಫ್ಯಾಕ್ಟರಿಯಲ್ಲಿ ಕರೆಂಟು ಹೋದ ಕೂಡಲೇ ಎಲ್ಲ ಸ್ವಿಚ್ಚೂ ಆರಿಸುತ್ತಿದ್ದೆ. ಬಂದ ಕೂಡಲೇ ಹಾಕುತ್ತಿರಲಿಲ್ಲ. ಸುತ್ತಲಿನ ಊರಿನ ಯಂತ್ರಗಳೆಲ್ಲ ಒಟ್ಟಿಗೆ ಎದ್ದಾಗ ಕರೆಂಟು ಒಮ್ಮೆ ಕುಸಿಯುತ್ತದೆ, ಒಮ್ಮೆ ನೆಗೆಯುತ್ತದೆ. ಒಂದು ಬಲ್ಬು ಉರಿಸಿ ಬಿಟ್ಟು, ಅದರ ಬೆಳಕು ಕುಣಿಯುವುದು ನಿಂತು ಹತ್ತು ನಿಮಿಷ ಆಗುವವರೆಗೆ ಮೇಸ್ತ್ರಿ ಬೈದರೂ, ಮ್ಯಾನೇಜರು ಬೈದರೂ ನಾನು ಮೋಟರ್ ಹಾಕಿದವನಲ್ಲ. ನೀನೂ ಕರೆಂಟು ಹೋದರೆ ಪ್ಲಗ್ ಕಿತ್ತುಬಿಡು. ಬಂದ ಮೇಲೆ ಬಲ್ಬು ನೋಡಿ ಹತ್ತು ನಿಮಿಷ ಕಾಯಿ.

ಬೆರಳು ಹೇಗಿದೆ? ಸುಳ್ಳು ಬರೆಯಬೇಡ.

ಚಿಕ್ಕಪ್ಪ

*

ಶಿಬಿರ
ಜುಲೈ 10, 2023

ಚಿಕ್ಕಪ್ಪನಿಗೆ,

ಬೆರಳಿನಲ್ಲಿ ಕಡಲೆಕಾಳಿನಷ್ಟು ಬೊಕ್ಕೆ. ವಾಸಿಯಾಗುತ್ತಿದೆ. ಬೆಂಕಿಕಡ್ಡಿ ಅಲ್ಲ, ಹಲ್ಲುಕಡ್ಡಿ. ಮಿಕ್ಕದ್ದೆಲ್ಲ ನೀವು ಹೇಳಿದ ಹಾಗೆಯೇ.

ನಿಮ್ಮ ಮೇಲೆ ಎರಡು ದಿನ ಸಿಟ್ಟಿತ್ತು. ಪಿನ್ನು ಹೋಗದಿದ್ದಾಗ ನಿಮಗೆ ಬರೆಯಬಹುದಿತ್ತು, ಬರೆದರೆ ನಿಮಗೆ ಅವಮಾನವಾಗುತ್ತದೆ ಅನ್ನಿಸಿತು. ಬೂಸ್ಟರ್ ಬಗ್ಗೆ ಅಷ್ಟು ಜಂಬ ಕೊಚ್ಚಿದ ಮೇಲೆ ನನಗೂ ಸೋಲಲು ಮನಸ್ಸಿರಲಿಲ್ಲ. ತಂತಿ ಕೀಳುವಾಗ ಚಟ್ ಎಂದು ಕಿಡಿ ಹಾರಿತು, ವೈರಿನ ತುದಿ ಕಪ್ಪಾಯಿತು. ಆಮೇಲೆ ಮುಟ್ಟಿಲ್ಲ. ನಿಮ್ಮ ಕಾಗದ ಬರುವ ಹೊತ್ತಿಗೆ ಬ್ಯಾಟರಿ ಮೂವತ್ತನಾಲ್ಕಕ್ಕೆ ಇಳಿದಿತ್ತು. ಕೊನೆಯ ಎರಡು ದಿನ ಭಾಷಣ ಅಭ್ಯಾಸ ಮಾಡುವುದನ್ನೂ ಬಿಟ್ಟು, ಪೆಟ್ಟಿಗೆ ಮುಚ್ಚಿಟ್ಟುಕೊಂಡು ಕೂತಿದ್ದೆ. ಹೆದರಿ ಹೋಗಿದ್ದೆ ಚಿಕ್ಕಪ್ಪ.

ಓದಿ ಮುಗಿಸಿದವಳೇ ಆಫೀಸಿಗೆ ಹೋದೆ. ಇಂಗ್ಲಿಷ್ ಕೈಕೊಡುತ್ತದೆಂದು ಮೂರು ತೂತಿನ ಮೂತಿಯ ಚಿತ್ರ ಬರೆದುಕೊಂಡೇ ಹೋಗಿದ್ದೆ. ಶಿಬಿರದ ಮೇಡಂ ಚಿತ್ರ ನೋಡಿ, ಮೇಜಿನ ಕೆಳಗಿನ ಡ್ರಾಯರ್ ಎಳೆದು, ಸತ್ತ ಲ್ಯಾಪ್‌ಟಾಪಿನ ವೈರು ತೆಗೆದು ಕೊಟ್ಟರು. ಒಂದು ನಿಮಿಷದ ಕೆಲಸ! ದಪ್ಪ ಮೂರು ಪಿನ್ನು, ಅರ್ಥಿಂಗ್ ಸಮೇತ. ಇಟ್ಟಿಗೆಗೆ ಗಟ್ಟಿಯಾಗಿ ಕಚ್ಚಿತು. ಈಗ ನೂರಕ್ಕೆ ನೂರು. ಆರು ದಿನದ ಹಿಂದೆ ಬಾಯಿಬಿಟ್ಟು ಕೇಳಿದ್ದರೆ ಬೆರಳು ಉಳಿಯುತ್ತಿತ್ತು.

ಹತ್ತು ನಿಮಿಷದ ಮಾತನ್ನು ಊಟದ ಹೊತ್ತಿನಲ್ಲಿ ಎಲ್ಲರಿಗೂ ಹೇಳಿದೆ, ನನಗೆ ಬಂದ ಇಂಗ್ಲಿಷಿನಲ್ಲಿ. ಮೇಡಂ ತಲೆಯಾಡಿಸಿದರು. ಮಿಕ್ಕವರು ನಕ್ಕರು, ಕೆಟ್ಟ ನಗೆಯಲ್ಲ. ಎಣಿಕೆಗಳನ್ನು ಪರೀಕ್ಷೆ ಮಾಡುವ ಹಿರಿಯ ಪ್ರೊಫೆಸರು ಮಾತ್ರ "ನಿಮ್ಮ ಊರಿನಲ್ಲಿ ಎಲ್ಲವನ್ನೂ ಹೀಗೆ ಕಣ್ಣಳತೆಯಲ್ಲೇ ಅಳೆಯುತ್ತೀರಾ?" ಎಂದರು. ಅವರು ನಮ್ಮ ಗೂಡುಗಳ ಎಣಿಕೆಯನ್ನೂ ನಂಬಿಲ್ಲ. ಹೊಳೆಯ ಈ ದಡದವರು ಎಣಿಸಿದ ಗೂಡನ್ನೇ ಆ ದಡದವರೂ ಎಣಿಸಿದ್ದಾರೆ, ಎರಡೆರಡು ಸಲ ಆಗಿದೆ ಎಂದು ಅವರ ಅನುಮಾನ. ಇಡೀ ಸಭೆ ಅವರ ಮಾತಿಗೆ ಬೆಲೆ ಕೊಡುತ್ತದೆ.

ಒಂದು ಪ್ರಶ್ನೆ. ನಿಮ್ಮ ಕಾಗದ ತೇನ್ಮೊಳಿಯ ಮೇಲ್‌ನಿಂದ ಬಂದಿಲ್ಲ, ಊಟಿಯ ಯಾವುದೋ ಅಂಗಡಿಯಿಂದ ಬಂದಿದೆ. ಆಷಾಢದ ಗಾಳಿಯಲ್ಲಿ ನೀವು ಊಟಿಗೆ ಯಾಕೆ ಹೋದಿರಿ?

ವೀಣಾ

*

ಶಿಬಿರ
ಜುಲೈ 13, 2023

ಚಿಕ್ಕಪ್ಪಾ,

ಗೆದ್ದೆವು! ಮೊದಲು ಇದನ್ನು ಹಾಲನ್‌ಗೆ ಹೇಳಿ ಬನ್ನಿ, ಆಮೇಲೆ ಮಿಕ್ಕಿದ್ದನ್ನು ಓದಿ.

ನಿನ್ನೆ ಬೆಳಿಗ್ಗೆ ಎಂಟಕ್ಕೆ ಪಾಳಿಯ ಪ್ರಕಾರ ಕರೆಂಟ್ ಹೋಯಿತು. ನಾನು ಪ್ಲಗ್ ಕಿತ್ತು ಮಡಿಲಲ್ಲಿ ಇಟ್ಟುಕೊಂಡೆ. ಮಿಕ್ಕವರು ತಮ್ಮ ತಮ್ಮ ಭಾಷಣ ತಿದ್ದುತ್ತಾ ಬ್ಯಾಟರಿ ಖಾಲಿ ಮಾಡಿದರು. ಚಾರ್ಜರುಗಳೆಲ್ಲ ಬೋರ್ಡಿನಲ್ಲೇ ಇದ್ದವು. ಗೋಡೆಗೆ ಚಿತ್ರ ಬೀಳಿಸುವ ಪ್ರೊಜೆಕ್ಟರೂ ಅಲ್ಲೇ ಇತ್ತು. ಹತ್ತೂವರೆಗೆ ಕರೆಂಟ್ ಬಂತು. ಎಲ್ಲರೂ ಹೋ ಎಂದರು. ಮೊದಲ ಭಾಷಣ ಹನ್ನೊಂದಕ್ಕೆ. ಪಕ್ಕದಲ್ಲಿದ್ದ ಕೀನ್ಯಾದ ಮಾಸ್ತರು ನನ್ನ ಪ್ಲಗ್ಗಿಗೂ ಜಾಗ ಬಿಟ್ಟು "ಬನ್ನಿ, ಬನ್ನಿ" ಎಂದರು. ನಿಜ ಹೇಳುತ್ತೇನೆ, ಹಾಕಿಬಿಡೋಣ ಅನ್ನಿಸಿತು. ಇಪ್ಪತ್ತೊಂದು ಜನ ನೋಡುತ್ತಿರುವಾಗ ವೈರು ಹಿಡಿದುಕೊಂಡು ಬಲ್ಬಿನ ಕಡೆ ಬಾಯಿ ತೆರೆದು ನಿಲ್ಲುವುದು ಸುಲಭವಲ್ಲ. ನಿಂತೆ. ಅಡುಗೆಮನೆಯ ಬಾಗಿಲಿನ ಬಲ್ಬು ಕುಣಿಯುತ್ತಲೇ ಇತ್ತು.

ನಾಲ್ಕನೇ ನಿಮಿಷಕ್ಕೆ ಅದು ಫಳ್ಳೆಂದು ಬೆಳ್ಳಗಾಯಿತು. ಬೋರ್ಡಿನಿಂದ ಪಟಪಟ ಸದ್ದು, ಸುಟ್ಟ ವಾಸನೆ, ಕತ್ತಲೆ. ಮೇಡಂ ಓಡಿಹೋಗಿ ಮೈನ್ ಸ್ವಿಚ್ ಆರಿಸಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಬೋರ್ಡಿನಲ್ಲಿದ್ದ ಚಾರ್ಜರುಗಳು ಅಷ್ಟೂ ಹೋದವು. ಪ್ರೊಜೆಕ್ಟರ್ ಹೋಯಿತು. ಪ್ರೊಫೆಸರ ಲ್ಯಾಪ್‌ಟಾಪು ಎದ್ದೇಳಲೇ ಇಲ್ಲ. ಇಡೀ ಶಿಬಿರದಲ್ಲಿ ಉಳಿದದ್ದು ಮಸಿನಗುಡಿಯ ಲ್ಯಾಪ್‌ಟಾಪು ಒಂದೇ, ತೊಂಬತ್ತೆರಡು ಪರ್ಸೆಂಟ್ ಬ್ಯಾಟರಿಯ ಜೊತೆ.

ಸಭೆ ಮುಂದಕ್ಕೆ ಹಾಕೋಣ ಎಂದರು. ಮುಂದಕ್ಕೆ ಹಾಕಿದರೆ ಎಲ್ಲರೂ ಅವರವರ ಊರಿಗೆ ಹೋಗಿಬಿಡುತ್ತಾರೆ, ನಮ್ಮ ಎಣಿಕೆ ಅನುಮಾನದಲ್ಲೇ ಉಳಿಯುತ್ತದೆ. ನಾನು ಎದ್ದುನಿಂತೆ. ಬಂದ ಇಂಗ್ಲಿಷಿನಲ್ಲೇ ಹೇಳಿದೆ: ನಿಮ್ಮ ನಿಮ್ಮ ಪೆನ್‌ಡ್ರೈವ್ ಕೊಡಿ, ಎಲ್ಲರದ್ದೂ ಇದರಲ್ಲೇ ನಡೆಯಲಿ. ಹಾಗೇ ನಡೆಯಿತು. ಮಧ್ಯಾಹ್ನ ಕರೆಂಟ್ ಸರಿಯಾಗಿ ಬಂದಾಗ ಪ್ಲಗ್ ಹಾಕಲು ಹೊರಟೆ. ಪ್ರೊಫೆಸರೇ ಕೈ ಅಡ್ಡ ಹಿಡಿದು ಗಡಿಯಾರ ತೋರಿಸಿದರು. ಇಡೀ ಸಭೆ ಅಡುಗೆಮನೆಯ ಬಲ್ಬು ನೋಡುತ್ತಾ ಹತ್ತು ನಿಮಿಷ ಉಸಿರು ಬಿಗಿಹಿಡಿದು ಕೂತಿತ್ತು. ನೀವು ಅದನ್ನು ನೋಡಬೇಕಿತ್ತು!

ನನ್ನ ಸರದಿ ಕೊನೆಗೆ ಬಂತು. ಗೋಡೆಯ ಮೇಲೆ ದೊಡ್ಡದಾಗಿ ತೋರಿಸುವಂತಿಲ್ಲವಲ್ಲ, ಎಲ್ಲರೂ ಕುರ್ಚಿ ಎಳೆದುಕೊಂಡು ಪರದೆಗೆ ಮೂಗು ತಾಗಿಸಿ ಕೂತರು. ಅದೇ ನಮಗೆ ಒಳ್ಳೆಯದಾಯಿತು. ಪ್ರತಿ ಗೂಡಿಗೂ ಎರಡು ಫೋಟೋ ಇತ್ತಲ್ಲ, ಒಂದೇ ದಿನ, ಒಂದೇ ಹೊತ್ತಿಗೆ, ಹಾಲನ್ ಈ ದಡದಿಂದ ತೆಗೆದದ್ದು, ರಂಗಿ ಆ ದಡದಿಂದ ತೆಗೆದದ್ದು. ಎರಡೂ ಫೋಟೋ ಸೇರಿಸಿ ಒಂದೇ ಗೂಡೆಂದು ಎಣಿಸಿದ್ದೇವೆ ಎಂದು ಒಂದೊಂದಾಗಿ ತೋರಿಸಿದೆ. ಪ್ರೊಫೆಸರು ಕನ್ನಡಕ ತೆಗೆದು, ತಾವೇ ಬೆರಳಿಟ್ಟು ಎಣಿಸಿದರು. ಐದು ವರ್ಷದ್ದನ್ನು ಎಣಿಸಿದ ಮೇಲೆ ನಿಲ್ಲಿಸಿ, "ಇಷ್ಟು ಶುದ್ಧವಾದ ಎಣಿಕೆಯನ್ನು ನಾನು ಬಹಳ ಕಾಲದಿಂದ ನೋಡಿಲ್ಲ. ನನ್ನ ಅನುಮಾನ ತಪ್ಪು" ಎಂದು ಎಲ್ಲರೆದುರೇ ಹೇಳಿದರು. ನಾನು ಅತ್ತುಬಿಟ್ಟೆ ಚಿಕ್ಕಪ್ಪ. ಕೀನ್ಯಾದ ಮಾಸ್ತರೂ ಅತ್ತರು, ಯಾಕೋ ಗೊತ್ತಿಲ್ಲ.

ಒಂಬತ್ತು ಜನರ ಕೆಲಸ ಇನ್ನು ಐದು ವರ್ಷ ಖಾಯಂ. ಮುಂದಿನ ಸಭೆ ಮಸಿನಗುಡಿಯಲ್ಲಿ, ಬರುವ ಜನವರಿಗೆ. ಇದೇ ಇಪ್ಪತ್ತೆರಡು ಜನ. ಸಭೆ ನಡೆಸಿಕೊಡುವವರ ಅರ್ಜಿಯಲ್ಲಿ 'ವಿದ್ಯುತ್ ವ್ಯವಸ್ಥೆಯ ಹೊಣೆ' ಎಂಬ ಸಾಲಿನ ಮುಂದೆ ಒಂದು ಹೆಸರು ಬರೆಯಬೇಕಿತ್ತು. ಶ್ರೀ ನಂಜುಂಡೇಶ, ಹಿರಿಯ ವೈರ್‌ಮನ್ ಎಂದು ಬರೆದಿದ್ದೇನೆ. ಕೇಳದೆ ಬರೆದೆ. ಬೇಡವೆಂದರೆ ಈಗಲೇ ಹೇಳಿ.

ವೀಣಾ

*

ಮಸಿನಗುಡಿ
ಜುಲೈ 15, 2023

ಮಗಳೇ,

ನಿನ್ನ ಎರಡೂ ಕಾಗದ ನಿನ್ನೆ ಒಟ್ಟಿಗೆ ಓದಿದೆ. ಯಾಕೆಂದು ಈಗ ಹೇಳುತ್ತೇನೆ, ಅವತ್ತು ಹೇಳಿದ್ದರೆ ನಿನಗೆ ಅಲ್ಲಿ ನಿದ್ದೆ ಬರುತ್ತಿರಲಿಲ್ಲ. ಆರನೇ ತಾರೀಖು ರಾತ್ರಿಯ ಗಾಳಿಗೆ ನೀಲಗಿರಿ ಮರ ಬಿದ್ದು ಲೈನ್ ಹರಿದು ಇಡೀ ಊರು ಎಂಟು ದಿನ ಕತ್ತಲೆ. ತೇನ್ಮೊಳಿಯ ಅಂಗಡಿ ಬಾಗಿಲು ಹಾಕಿತ್ತು. ಅದಕ್ಕೇ ಕಲ್ಲಟ್ಟಿ ದಾರಿಯ ಬಸ್ಸು ಹತ್ತಿ ಊಟಿಗೆ ಹೋಗಿದ್ದು. ಆ ತಿರುವುಗಳಲ್ಲಿ ವಾಂತಿಯಾದದ್ದನ್ನು ಲಿಂಗಮ್ಮನಿಗೆ ಹೇಳಿಲ್ಲ, ನೀನೂ ಹೇಳಬೇಡ. ಮತ್ತೆ ಹೋಗುತ್ತೇನೆಂದರೆ ಅವಳು ಚಪ್ಪಲಿ ಬಚ್ಚಿಟ್ಟಳು. ಆ ಬುದ್ಧಿ ನಿನಗೆ ಯಾರಿಂದ ಬಂತು ಅಂತ ಈಗ ಗೊತ್ತಾಯಿತು.

ನಿನ್ನೆ ಮಧ್ಯಾಹ್ನ ಕರೆಂಟು ಬಂತು. ನಾನು ಅಂಗಡಿಗೆ ಓಡಿದೆ. ಹಾಲನ್, ರಂಗಿ, ಮಿಕ್ಕ ಆರು ಜನ ಎಲ್ಲರೂ ಆಗಲೇ ಬಾಗಿಲಲ್ಲಿ ನಿಂತಿದ್ದರು. ತೇನ್ಮೊಳಿ ಕಂಪ್ಯೂಟರ್ ಸ್ವಿಚ್ಚಿಗೆ ಕೈ ಹಾಕಿದಳು. ನಾನೇ ಕೂಗಿದೆ, "ಬೇಡಮ್ಮಾ, ಬಲ್ಬು ನೋಡು, ಹತ್ತು ನಿಮಿಷ ಕಾಯಿ!" ಹೇಳಿದ ಮೇಲೆ ಗೊತ್ತಾಯಿತು ನಾನು ನನಗೇ ಎಂಥ ಶಿಕ್ಷೆ ಕೊಟ್ಟುಕೊಂಡೆ ಎಂದು. ಸೋತೆಯೋ ಗೆದ್ದೆಯೋ ಆ ಪೆಟ್ಟಿಗೆಯೊಳಗಿದೆ, ಎಂಟು ಜೊತೆ ಕಣ್ಣು ನನ್ನನ್ನು ತಿನ್ನುತ್ತಿವೆ. ರಂಗಿ "ಮಾಮಾ, ಸಾಕು ಬುಡಿ" ಎಂದಳು. ಬಿಡಲಿಲ್ಲ. ಜೀವಮಾನದಲ್ಲಿ ಅಷ್ಟು ಉದ್ದದ ಹತ್ತು ನಿಮಿಷ ಕಂಡಿಲ್ಲ.

ಪ್ರಿಂಟ್ ಬಂತು. 'ಗೆದ್ದೆವು' ಎಂಬ ಒಂದು ಮಾತನ್ನು ಓದಿ ಹೇಳಿದೆ, ಆಮೇಲೆ ಕನ್ನಡಕ ಒದ್ದೆಯಾಯಿತು, ಒರೆಸಿಕೊಂಡು ಐದು ವರ್ಷದ ಸಾಲನ್ನೂ ಓದಿದೆ. ಹಾಲನ್ ಕುಣಿಯುತ್ತಾನೆಂದುಕೊಂಡಿದ್ದೆ. ಅವನು "ಇನ್ನೈದು ವರ್ಸವಾ?" ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ದೂರದರ್ಶಕ ಹೆಗಲಿಗೆ ಹಾಕಿಕೊಂಡು ಹೊಳೆಯ ಕಡೆ ನಡೆದುಬಿಟ್ಟ. ನಿನ್ನೆ ಅವನ ರಜಾದಿನ.

ನನ್ನ ಹೆಸರಿನ ವಿಷಯ. ನಡುವಟ್ಟಂ ಫ್ಯಾಕ್ಟರಿಯಲ್ಲಿ ಮೂವತ್ತೆಂಟು ವರ್ಷ ವೈರು ಎಳೆದೆ. ಒಂದು ಬೋರ್ಡಿನ ಮೇಲೂ, ಒಂದು ಕಾಗದದ ಮೇಲೂ ನನ್ನ ಹೆಸರು ಬರೆದವರಿಲ್ಲ. ಲೈಸೆನ್ಸ್ ಇಲ್ಲದ ವೈರ್‌ಮನ್ ಎಂದು ನಗುತ್ತಿದ್ದರು. ಆ ಸಾಲನ್ನು ಲಿಂಗಮ್ಮನಿಗೆ ಗಟ್ಟಿಯಾಗಿ ಓದಿದೆ. ಅವಳು "ಇನ್ನೊಂದ್ಸಲ ಓದಿ" ಎಂದಳು. ನಾನು ಒಪ್ಪಿದ್ದೇನೆ. ಬೇಡ ಎನ್ನಲು ನನಗೇನು ಹುಚ್ಚೇ? ಲೈಸೆನ್ಸ್ ಇರುವ ಗೂಡಲೂರಿನ ಮುರಳೀಧರನ್‌ನನ್ನೂ ಜೊತೆಗೆ ಹಾಕಿಕೊಳ್ಳುತ್ತೇನೆ, ಸಹಿ ಅವನದು, ಕಣ್ಣು ನನ್ನದು.

ಇಪ್ಪತ್ತೆರಡು ಜನ ಎಂದೆ. ನೀನು ಅಲ್ಲಿಂದ ಹೊರಡುವ ಮುಂಚೆ ಒಬ್ಬೊಬ್ಬರ ಹತ್ತಿರವೂ ಕೂತು, ಅವರವರ ದೇಶದ ಪಿನ್ನಿನ ಚಿತ್ರವನ್ನು ಅಳತೆಯ ಸಮೇತ ಬರೆಸಿಕೊಂಡು ಬಾ. ಪ್ರೊಫೆಸರದ್ದನ್ನು ಎರಡು ಸಲ ಬರೆಸು. ಈ ಊರಿಗೆ ಬಂದವರ ಒಂದು ಚಾರ್ಜರ್ ಸುಡಲು ನಾನು ಬಿಡುವುದಿಲ್ಲ.

ನಿನ್ನ ಚಿಕ್ಕಪ್ಪ
ನಂಜುಂಡೇಶ
ಹಿರಿಯ ವೈರ್‌ಮನ್